ಕರೆಂಟೇ ಇಲ್ಲದ ಕಣಿವೆ

ಹೊಸ ಶೂ ಹಾಕಿಕೊಂಡು ಹಾಲು ತರಲು ಹೋಗಬಾರದಿತ್ತು. ಈ ಬುದ್ಧಿ ವೃಷಭೇಂದ್ರಪ್ಪನವರಿಗೆ ಆಮೇಲೆ ಬಂತು. ಬರುವಷ್ಟರಲ್ಲಿ ಸುದ್ದಿ ಕೆಸರೆಯ ಆ ಬೀದಿಯ ಒಂದು ತುದಿ ಮುಟ್ಟಿ ಇನ್ನೊಂದು ತುದಿಯ ಕಡೆಗೆ ಹೊರಟಿತ್ತು.

ಶೂ ಎಂದರೆ ವಾಕಿಂಗಿನವರು ಹಾಕುವ ಬಿಳೀ ಬಟ್ಟೆ ಶೂ ಅಲ್ಲ. ಕಣಕಾಲು ಮುಚ್ಚುವ ಎತ್ತರ, ಟ್ರ್ಯಾಕ್ಟರ್ ಚಕ್ರದಂಥ ಅಡಿ, ಕೆಂಪು ಲೇಸು. ಅದರ ಮೇಲೆ ಪಂಚೆ, ಪಂಚೆಯ ಮೇಲೆ ಬನಿಯನ್ನು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಹಾಲಿನ ಬೂತಿನ ಮುಂದೆ ಮಲಗಿದ್ದ ನಾಯಿ ಕೂಡ ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನೋಡಿತು. ಅದೇ ಹೊತ್ತಿಗೆ ಸರಿಯಾಗಿ ನಿವೃತ್ತ ಹೆಡ್‌ಮಾಸ್ತರರೂ ಬೀದಿಯ ಸಂಘದ ಅಧ್ಯಕ್ಷರೂ ಆದ ಗುರುಮಲ್ಲಪ್ಪನವರು ಅಲ್ಲಿಗೆ ಬಂದರು.

"ಏನು ವೃಷಭೇಂದ್ರಪ್ನೋರೇ, ಕಾಲಿಗೆ ಭಾರಿಯಾಗಿಯೇ ಕಟ್ಕೊಂಡಿದೀರಿ! ಎಲ್ಲಿಗೆ ಪ್ರಯಾಣ?"

ಮಂಡಿನೋವಿಗೆ ಡಾಕ್ಟರು ಹೇಳಿದ್ದಾರೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒಂದು ತಿಂಗಳಿಂದ ಹೆಂಡತಿಯ ಮುಂದೆ ಒಪ್ಪಿಸಿ ಒಪ್ಪಿಸಿ ಬಾಯಿಪಾಠವಾಗಿದ್ದ ಸುಳ್ಳು ತಾನಾಗಿಯೇ ನಾಲಿಗೆಯಿಂದ ಜಾರಿತು.

"ಕೇದಾರಕ್ಕೆ ಸಾರ್."

"ಕೇದಾರಕ್ಕಾ!" ಗುರುಮಲ್ಲಪ್ಪನವರು ಹಾಲಿನ ಪ್ಯಾಕೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಲ್ಲೇ ಕೈ ಮುಗಿದರು. "ಶಿವ ಶಿವಾ! ಇಂಥ ವಿಷಯಾನ ಇಷ್ಟು ದಿನ ಬಚ್ಚಿಟ್ಕೊಂಡಿದ್ರಲ್ಲಾ! ಯಾವತ್ತು ಹೊರಡೋದು?"

"ಮುಂದಿನ ಗುರುವಾರ."

"ಒಬ್ರೇನಾ?"

"ಒಬ್ನೇ."

ಈ ಕೊನೆಯ ಮಾತು ಹೇಳುವಾಗ ವೃಷಭೇಂದ್ರಪ್ಪನವರ ಮುಖದಲ್ಲಿ ಮೂಡಿದ ಸುಖವನ್ನು ಗುರುಮಲ್ಲಪ್ಪನವರು ಭಕ್ತಿ ಎಂದು ತಿಳಿದುಕೊಂಡರು.

ನಿಜ ಹೇಳಬೇಕೆಂದರೆ ಅವರು ಹೊರಟಿದ್ದದ್ದು ಲಡಾಖಿಗೆ. ಮೂವತ್ತನಾಲ್ಕು ವರ್ಷ ಲೈನ್‌ಮ್ಯಾನ್ ಆಗಿ ಕಂಬ ಹತ್ತಿ ಇಳಿದು, ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದರು. ಇಲಾಖೆ ಅವರನ್ನು ಬಿಟ್ಟಿತು, ಬೀದಿ ಬಿಡಲಿಲ್ಲ. ದೀಪ ಆರಿದರೆ ಫೋನು, ಮಿಣುಕಿದರೆ ಫೋನು, ಮೋಟಾರು ನೀರೆತ್ತದಿದ್ದರೆ ಫೋನು, ರಾತ್ರಿ ಧಾರಾವಾಹಿಯ ನಡುವೆ ಟಿವಿ ಕಪ್ಪಾದರಂತೂ ಎಂಟು ಮನೆಯಿಂದ ಒಟ್ಟಿಗೇ ಫೋನು. "ಅಣ್ಣಾ, ನಿಮ್ಮನೇಲಿ ಕರೆಂಟ್ ಐತಾ?" ಅವರು ಎತ್ತದಿದ್ದರೆ ಅದೇ ಪ್ರಶ್ನೆ ಹೆಂಡತಿ ಪಾರ್ವತಮ್ಮನವರ ಫೋನಿಗೆ ಹೋಗುತ್ತಿತ್ತು. ಈಚೀಚೆಗೆ ವೃಷಭೇಂದ್ರಪ್ಪನವರು ಎತ್ತುವುದನ್ನೇ ಬಿಟ್ಟಿದ್ದರು.

ಹೀಗಿರುವಾಗ ಒಂದು ದಿನ ಮಿಕ್ಸಿ ರಿಪೇರಿಗೆಂದು ಅಗ್ರಹಾರಕ್ಕೆ ಹೋದವರ ಕಣ್ಣಿಗೆ, ರಿಪೇರಿ ಅಂಗಡಿಯ ಮಹಡಿಯ ಮೇಲೊಂದು ಬೋರ್ಡು ಬಿತ್ತು. 'ಹೆಜ್ಜೆ ಹರಿಗೋಲು: ಹಿಮಾಲಯದ ಕಣಿವೆಗಳಲ್ಲಿ ಚಾರಣ, ರಾಫ್ಟಿಂಗ್.' ಬೋರ್ಡಿನ ಮೇಲೆ ಬರೀ ಕಲ್ಲಿನ ಬೆಟ್ಟಗಳು, ಅವುಗಳ ನಡುವೆ ನೀಲಿ ನದಿ, ನದಿಯಲ್ಲಿ ರಬ್ಬರ್ ದೋಣಿ. ಎಷ್ಟು ಹುಡುಕಿದರೂ ಒಂದು ಕಂಬವಿಲ್ಲ, ಒಂದು ತಂತಿಯಿಲ್ಲ. ಮಿಕ್ಸಿಯನ್ನು ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿದರು.

"ಅಲ್ಲಿ ಕರೆಂಟು ಇದ್ಯೇನಮ್ಮ?" ಎಂದು ಮೊದಲ ಪ್ರಶ್ನೆ ಕೇಳಿದರು.

ಆ ಸಂಸ್ಥೆ ನಡೆಸುತ್ತಿದ್ದ ಗೌತಮಿ ಎಂಬ ಹುಡುಗಿ ಸಂಕೋಚಪಟ್ಟುಕೊಂಡಳು. "ಇಲ್ಲ ಸರ್. ಟೆಂಟಲ್ಲಿ ಇರೋದು."

"ಫೋನು?"

"ಸಿಗ್ನಲ್ ಸಿಗಲ್ಲ ಸರ್. ಅದೊಂದು ತೊಂದ್ರೆ ಇದೆ."

"ಎಷ್ಟು ದಿನ?"

"ಹನ್ನೆರಡು ದಿನ. ಮೊದಲು ನಡಿಗೆ, ಆಮೇಲೆ ನದಿ. ಎಂಟು ಜನ ಹೋಗೋದು, ಇಬ್ಬರು ಗೈಡ್, ಒಬ್ಬ ಅಡುಗೆಯವನು."

ವೃಷಭೇಂದ್ರಪ್ಪನವರ ಕಣ್ಣು ತೇವವಾಯಿತು. ಕರೆಂಟೇ ಇಲ್ಲದ ಕಣಿವೆಯಲ್ಲಿ ಕರೆಂಟ್ ಹೋಯಿತೆಂದು ಯಾರು ತಾನೇ ಫೋನ್ ಮಾಡಿಯಾರು? "ಫಾರಂ ಕೊಡಮ್ಮ" ಎಂದರು.

ಫಾರಮ್ಮಿನಲ್ಲಿ ಮೂರು ಷರತ್ತಿದ್ದವು. ಹೊರಡುವುದಕ್ಕೆ ಒಂದು ವಾರ ಮುಂಚೆ ಗೌತಮಿಯೇ ಮನೆಗೆ ಬಂದು ಬಿಪಿ ನೋಡುತ್ತಾಳೆ. ಬ್ಯಾಗು ಹನ್ನೆರಡು ಕೆಜಿ ದಾಟಬಾರದು, ಅದನ್ನು ಕಟ್ಟಿ ತೋರಿಸಬೇಕು. ಅಷ್ಟಾಗಿಯೂ ಹೋಗಲು ಆಗದಿದ್ದರೆ ಆ ದಿನ ಸಂಜೆ ಐದರೊಳಗೆ ಮನೆಯವರೊಬ್ಬರ ಹೆಸರಿಗೆ ಸೀಟು ಬದಲಾಯಿಸಬಹುದು. ಈ ಮೂರನೆಯದನ್ನು ಓದಿ ವೃಷಭೇಂದ್ರಪ್ಪನವರು ಗಟ್ಟಿಯಾಗಿ ನಕ್ಕಿದ್ದರು. "ನಮ್ಮನೇಲಿ ಇರೋದು ನಾನು, ನಮ್ಮೆಂಗಸ್ರು, ಇಬ್ರೇ ಕಣಮ್ಮ. ಅವಳಿಗೆ ಇದೆಲ್ಲ ಎಲ್ಲಿಂದ ಬರಬೇಕು!"

ಹೆಂಡತಿಗೆ ನಿಜ ಹೇಳುವ ಧೈರ್ಯ ಇರಲಿಲ್ಲ. ನಂಜನಗೂಡಿನ ಸ್ನಾನಘಟ್ಟದಲ್ಲಿ ಮಂಡಿಯುದ್ದ ನೀರಿಗೆ ಇಳಿಯದೆ ತಂಬಿಗೆಯಲ್ಲಿ ತಲೆಗೆ ಹೊಯ್ದುಕೊಳ್ಳುವ ಗಂಡ, ಹುಚ್ಚು ನದಿಯಲ್ಲಿ ದೋಣಿ ನಡೆಸುತ್ತೇನೆ ಎಂದರೆ ಅವಳು ನಗದೆ ಬಿಡುತ್ತಾಳೆಯೇ? ಅದಕ್ಕೇ ಕೇದಾರ. ಆಶ್ಚರ್ಯವೆಂದರೆ ಪಾರ್ವತಮ್ಮ ಒಂದೇ ಮಾತಿಗೆ "ಹೋಗ್ಬನ್ನಿ" ಎಂದಿದ್ದರು. ಗೌತಮಿ ಕೊಟ್ಟಿದ್ದ, ಷರತ್ತುಗಳನ್ನೂ ಅಚ್ಚು ಹಾಕಿದ್ದ ಬಣ್ಣದ ಕಾಗದ ಅಂಗಿಯ ಜೇಬಿನಲ್ಲೇ ಮರೆತು ಒಗೆಯಲು ಹೋಗಿ, ಮರುದಿನ ಗರಿಗರಿಯಾಗಿ ಇಸ್ತ್ರಿಯಾಗಿ ಅದೇ ಜೇಬಿನಲ್ಲಿ ಸಿಕ್ಕಾಗ ವೃಷಭೇಂದ್ರಪ್ಪನವರು ಒಮ್ಮೆ ಬೆಚ್ಚಿದ್ದರು. ಇಸ್ತ್ರಿ ಅಂಗಡಿಯ ಸಿದ್ದರಾಜು ಅಂಗಿಯ ಜೊತೆಗೇ ಅದನ್ನೂ ತೀಡಿದ್ದಾನೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದರು.

ಗೌತಮಿ ಬರಬೇಕಾಗಿದ್ದ ದಿನವೇ ಈ ದಿನ. ನಾಲ್ಕು ಗಂಟೆಗೆ ಬಂದು, ನೋಡಿ, ಐದಕ್ಕೆ ಪಟ್ಟಿ ಮುಗಿಸಿ ಟಿಕೆಟ್ ತೆಗೆಸುವವಳಿದ್ದಳು. ಹಾಲು ತಂದಿಟ್ಟು ವೃಷಭೇಂದ್ರಪ್ಪನವರು ಕೋಣೆಯ ಬಾಗಿಲು ಹಾಕಿಕೊಂಡು ಬ್ಯಾಗು ಕಟ್ಟಲು ಕೂತರು. ಹನ್ನೊಂದೂವರೆ ಕೆಜಿಗೆ ಸರಿಯಾಗಿ ನಿಂತಿತು. ಪಾರ್ವತಮ್ಮ "ಮೇಷ್ಟ್ರ ಮನೆ ಗಿಡದಲ್ಲಿ ಕರಿಬೇವು ಕಿತ್ಕೊಂಡು ಬತ್ತೀನಿ" ಎಂದು ಹೋಗಿ, ಕರಿಬೇವಿಗೆ ಬೇಕಾಗುವುದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತಾದ ಮೇಲೆ ಬಂದರು.

ಒಂಬತ್ತಕ್ಕೆ ಎದುರು ಮನೆಯ ಬಸಮ್ಮ ಬಂದರು. ಎಪ್ಪತ್ತೈದು ದಾಟಿದ ಮುದುಕಿ. ಸೆರಗಿನ ತುದಿಯಿಂದ ಅರಿಶಿನ ಬಟ್ಟೆಯ ಪುಟ್ಟ ಗಂಟೊಂದನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮೊಮ್ಮಗಳು ಭವ್ಯಶ್ರೀಗೆ ಹೆರಿಗೆ ಸಲೀಸಾಗ್ಲಿ ಅಂತ ಕೇದಾರದ ಸ್ವಾಮಿಗೆ ಮುಡಿಪು ಕಟ್ಟಿದ್ದೆ ಕಣಪ್ಪ. ಆ ಮಗ ಈಗ ಎರಡ್ನೇ ಕ್ಲಾಸು. ಆ ಕಡೆ ಹೋಗೋರೇ ಸಿಗ್ನಿಲ್ಲ. ಇವತ್ತು ನೀ ಹೋಗ್ತೀಯ ಅಂತ ಕೇಳಿ ಎದೆ ಮೇಲಿಂದ ಕಲ್ಲು ಇಳಿಸ್ದಂಗಾಯ್ತು."

ಯಾತ್ರೆಗೆ ಹೊರಟವನು ಮುಡಿಪು ಬೇಡವೆನ್ನುವ ಹಾಗಿಲ್ಲ. ಅದನ್ನು ಅಂಚೆಯಲ್ಲಿ ಕಳಿಸುವ ಹಾಗಿಲ್ಲ, ನೆಲಕ್ಕಿಡುವ ಹಾಗಿಲ್ಲ, ಒಮ್ಮೆ ತೆಗೆದುಕೊಂಡರೆ ದೇವರ ಮನೆಯಲ್ಲಿಟ್ಟು ಕೈಯಾರೆ ಒಯ್ದು ಒಪ್ಪಿಸಬೇಕು. ವೃಷಭೇಂದ್ರಪ್ಪನವರ ಕೈ ತಾನಾಗಿ ಮುಂದೆ ಬಂತು. ಆ ನದಿಯೂ ಹಿಮಾಲಯದ್ದೇ ತಾನೆ, ಶಿವ ಅಲ್ಲಿಲ್ಲವೇ, ಅಲ್ಲೇ ನೀರಿಗೆ ಬಿಟ್ಟರಾಯಿತು ಎಂದು ಮನಸ್ಸು ವಾದಿಸಿತು. ಆದರೆ ಗಂಟನ್ನು ದೇವರ ಮುಂದಿಡುವಾಗ ಅವರು ದೇವರ ಮುಖ ನೋಡಲಿಲ್ಲ.

ಬಸಮ್ಮ ಹೋದರು, ಅವರ ಹಿಂದೆ ಬೀದಿಯೇ ಬಂತು. ಮಗನ ಕೆಲಸದ ಮುಡಿಪು, ಸೈಟಿನ ಖಾತೆಯ ಮುಡಿಪು, ಹೋದ ವರ್ಷ ಆಪರೇಷನ್ ಆದ ಮಂಡಿಯ ಮುಡಿಪು. ಒಬ್ಬರು ದೀಪಕ್ಕೆಂದು ಎರಡು ಕೆಜಿ ತುಪ್ಪ ತಂದರು. ಇನ್ನೊಬ್ಬರು ದಾರಿಗೆಂದು ಡಬ್ಬಿ ತುಂಬ ನಿಪ್ಪಟ್ಟು, ಚಟ್ನಿಪುಡಿ, ರವೆಉಂಡೆ. ಸಿದ್ದರಾಜು ಇಸ್ತ್ರಿಪೆಟ್ಟಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು ಐದು ಲೀಟರಿನ ಎಣ್ಣೆ ಕ್ಯಾನು ಹಿಡಿದುಕೊಂಡು ಓಡಿಬಂದ.

"ಅಣ್ಣೋ, ಇದರ ತುಂಬ ಗಂಗೆ ತಂದ್ಬುಡಿ. ಖಾಲಿ ಕ್ಯಾನು, ತೂಕನೇ ಇಲ್ಲ."

"ಬರೋವಾಗ ಇರುತ್ತಲ್ಲೋ!"

"ಬರೋವಾಗ ಅವಳೇ ಬತ್ತಾಳೆ ಬುಡಿ, ಗಂಗಮ್ಮ."

ಮಧ್ಯಾಹ್ನ ಕರೆಂಟು ಹೋಯಿತು. ವೃಷಭೇಂದ್ರಪ್ಪನವರ ಫೋನು ಬಡಕೊಂಡಿತು. ಅವರು ಅದನ್ನು ದಿಂಬಿನ ಕೆಳಗೆ ತುರುಕಿದರು. ಅರೆಕ್ಷಣದಲ್ಲಿ ಅಡುಗೆಮನೆಯಿಂದ ಪಾರ್ವತಮ್ಮನವರ ದನಿ ಕೇಳಿತು. "ಇಲ್ಲ ಕಣವ್ವ, ನಮ್ಮನೇಲೂ ಇಲ್ಲ... ಹೂಂ, ಅವರು ಮಲಗಿದಾರೆ... ಇಲ್ಲ ಕಣಪ್ಪ, ನಮ್ಮನೇಲೂ ಇಲ್ಲ..." ಒಗ್ಗರಣೆ ಸೀಯುವ ವಾಸನೆ ಬಂತು.

ಮೂರೂವರೆಗೆ ಸಿದ್ದರಾಜು ಹಳೇಪೇಪರ್ ಅಂಗಡಿಯಿಂದ ಕೊಕ್ಕೆ ತಕ್ಕಡಿ ತಂದು, ಬೀದಿಯವರು ಸೇರಿ ತುಂಬಿಸಿದ್ದ ಬ್ಯಾಗನ್ನು ಎತ್ತಿ ತೂಗಿದ. ಇಪ್ಪತ್ತೆರಡು ಕೆಜಿ. ಎಲ್ಲರೂ ಸಂತೋಷಪಟ್ಟರು. ವೃಷಭೇಂದ್ರಪ್ಪನವರು ತುಪ್ಪವನ್ನು ಮಂಚದ ಕೆಳಗೆ ತಳ್ಳುತ್ತಿರುವಾಗಲೇ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

ಗೌತಮಿ ಬಂದಳು. ಒಂದು ಕೈಯಲ್ಲಿ ಅಳತೆ ನೋಡಲು ತಂದ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು, ಇನ್ನೊಂದರಲ್ಲಿ ನೀಲಿ ಹೆಲ್ಮೆಟ್ಟು, ಕಂಕುಳಲ್ಲಿ ಆಳುದ್ದದ ಹುಟ್ಟು. ಪಡಸಾಲೆಯಲ್ಲಿ ಕೂತಿದ್ದ ಹದಿನೈದು ಜನ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರಪ್ಪ ಈ ಹುಡ್ಗಿ?" ಎಂದರು ಬಸಮ್ಮ.

"ಯಾತ್ರೆಯವರು ಬಸಮ್ಮಜ್ಜಿ. ಚೆಕ್ ಮಾಡೋಕೆ ಬಂದವರೆ" ಎಂದು ವೃಷಭೇಂದ್ರಪ್ಪನವರು ಗೌತಮಿಗೆ ಕಣ್ಣಲ್ಲೇ ಕೈ ಮುಗಿದರು. ಗೌತಮಿಗೆ ಅರ್ಥವಾಗಲಿಲ್ಲ, ಆದರೂ ಸುಮ್ಮನಾದಳು.

"ಈ ಜಾಕೀಟು?"

"ಗಂಗಾಸ್ನಾನಕ್ಕೆ. ಈಗ ಹೊಸಾ ರೂಲ್ಸು."

"ಆ ತಲೆಗೆ ಹಾಕೋದು?"

"ಬೆಟ್ಟದಿಂದ ಕಲ್ಲು ಬೀಳ್ತವೆ."

"ಆ ಉದ್ದದ ಮೊರ?"

ವೃಷಭೇಂದ್ರಪ್ಪನವರು ಹುಟ್ಟನ್ನು ನೋಡಿದರು. ಹುಟ್ಟು ಅವರನ್ನು ನೋಡಿತು. "ಅದು... ಹಿಮ ಗೋರೋಕೆ" ಎಂದರು. ಬಸಮ್ಮ ಮೆಚ್ಚಿ ತಲೆದೂಗಿದರು.

ಇಂಥ ಹೊತ್ತಿನಲ್ಲಿ ಬಿಪಿ ನೋಡಿದರೆ ಏನಾಗಬೇಕೋ ಅದೇ ಆಯಿತು. ನೂರ ಎಪ್ಪತ್ತೆಂಟು. ಗೌತಮಿಯ ಮುಖ ಸಪ್ಪಗಾಯಿತು. "ಸರ್, ನೂರೈವತ್ತು ದಾಟಿದ್ರೆ ಕರ್ಕೊಂಡು ಹೋಗೋಕಾಗಲ್ಲ."

"ಮಿಷನ್ನೇ ಸರಿಯಿಲ್ಲ ಕಣಮ್ಮ. ಬೇಕಾದ್ರೆ ಅಕ್ಕಂಗೆ ಕಟ್ಟಿ ನೋಡಿ" ಎಂದ ಸಿದ್ದರಾಜು.

ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ಬಂದ ಪಾರ್ವತಮ್ಮ, ತಟ್ಟೆ ಕೆಳಗಿಡದೆ ಒಂದು ಕೈ ಚಾಚಿದರು. ನೂರಿಪ್ಪತ್ತು, ಎಂಬತ್ತು. ಮಿಷನ್ ಸರಿಯಾಗಿಯೇ ಇತ್ತು.

ವೃಷಭೇಂದ್ರಪ್ಪನವರು ಕೋಣೆಗೆ ಹೋಗಿ ಕತ್ತಲಲ್ಲಿ ಮಲಗಿ ಕಣ್ಣು ಮುಚ್ಚಿದರು. ನೀಲಿ ನದಿಯನ್ನು ನೆನೆದರು. ಕಂಬವಿಲ್ಲದ ಬೆಟ್ಟ ನೆನೆದರು. ಹನ್ನೆರಡು ದಿನ ತನ್ನ ಹೆಸರು ಹಿಡಿದು ಯಾರೂ ಕೂಗದ ಜಾಗ ಭೂಮಿಯ ಮೇಲೆ ಇದೆ, ಇನ್ನೊಂದು ವಾರಕ್ಕೆ ತಾನಲ್ಲಿರುತ್ತೇನೆ ಎಂದು ಹೇಳಿಕೊಂಡರು. ಹದಿನೈದು ನಿಮಿಷದ ಮೇಲೆ ಗೌತಮಿ ಬಂದು ಮತ್ತೆ ನೋಡಿದಳು. ನೂರ ನಲವತ್ತೆರಡು.

"ಪಾಸ್ ಸರ್! ಬ್ಯಾಗಿನ ತೂಕ ಇಳಿಸಿಬಿಡಿ, ಐದಕ್ಕೆ ಟಿಕೆಟ್ ತೆಗೆಸ್ತೀನಿ."

ವೃಷಭೇಂದ್ರಪ್ಪನವರು ಜೀವಮಾನದಲ್ಲಿ ಮೊದಲ ಸಲ ಕುಣಿಯಬೇಕೆಂದುಕೊಂಡರು. ಪಡಸಾಲೆಗೆ ಬಂದು ನೋಡಿದರೆ ಗುರುಮಲ್ಲಪ್ಪನವರು ನಿಂತಿದ್ದರು. ಕೊರಳ ತುಂಬ ಬೆವರು, ಕೈಯಲ್ಲಿ ಹೂವಿನ ಹಾರ, ಮುಖದಲ್ಲಿ ಗೆದ್ದು ಬಂದ ಕಳೆ.

"ಇಲವಾಲದ ಆಚೆ ನಮ್ಮ ಮಠಕ್ಕೆ ಹೋಗಿ ಬಂದ್ಬುಟ್ಟೆ ಕಣ್ರೀ! ನೀವು ಒಬ್ರೇ ಹೋಗೋದು ಅಂತ ನಿಮ್ಮ ಮನೆಯವರು ಬೆಳಿಗ್ಗೆ ನಮ್ಮನೆಗೆ ಬಂದು ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಏನಾದ್ರೂ ಮಾಡಿ ಮೇಷ್ಟ್ರೇ ಅಂದ್ರು. ನೋಡಿ ದೇವರ ಕೃಪೆ! ಅದೇ ಗುರುವಾರ ಮಠದಿಂದ ಅರವತ್ತು ಜನ ಹಿರಿಯರ ಕೇದಾರಯಾತ್ರೆ. ವ್ಯವಸ್ಥಾಪಕರು ಕಾಲು ಮುರ್ಕೊಂಡು ಮಲಗಿದಾರೆ. ನಿಮ್ಮ ಹೆಸರು ಹೇಳಿದೆ, ಸ್ವಾಮಿಗಳು, ನಮ್ಮ ಬುದ್ದಿಯವರು, ಅಪ್ಪಣೆ ಕೊಟ್ರು." ಎಂದವರೇ ಹಾರ ಹಾಕಿದರು. "ಜೊತೆಗೆ ಡಾಕ್ಟ್ರೂ ಬರ್ತಾರೆ, ನಿಮ್ಮ ಬಿಪಿಗೂ ಆಯ್ತು. ಅಡುಗೆ ಲಾರಿ ಇದೆ, ಲೈಟ್ ಇದೆ, ಜನರೇಟರ್ ಇದೆ. ಕರೆಂಟ್ ವಿಷಯ ನಿಮಗಿಂತ ಯಾರಿಗೆ ಗೊತ್ತು! ಅರವತ್ತು ಜನರ ಕೊರಳ ಕಾರ್ಡಿಗೂ ನಿಮ್ಮ ಫೋನ್ ನಂಬರ್ರೇ ಪ್ರಿಂಟ್ ಮಾಡಿಸಿಯಾಯ್ತು."

ವೃಷಭೇಂದ್ರಪ್ಪನವರ ಕಣ್ಣಿಗೆ ಕತ್ತಲೆ ಬಂತು. ಕತ್ತಲೆಯೊಳಗಿಂದ ಅರವತ್ತು ಮುದುಕರು ಒಟ್ಟಿಗೆ ಕರೆಂಟ್ ಎಲ್ಲಿ ಎಂದು ಕೇಳಿದರು.

"ನಾನು ಕೇದಾರಕ್ಕೆ ಹೋಗ್ತಿಲ್ಲ!" ಅವರು ಕೂಗಿಯೇಬಿಟ್ಟರು. "ಲಡಾಖಿಗೆ ಹೋಗ್ತಿದೀನಿ! ರಬ್ಬರ್ ದೋಣೀಲಿ ಕೂತ್ಕೊಳ್ಳೋಕೆ! ಅದು ಮೊರ ಅಲ್ಲ, ಹುಟ್ಟು! ಅಲ್ಲಿ ಕರೆಂಟಿಲ್ಲ, ಫೋನಿಲ್ಲ, ನೀವ್ಯಾರೂ ಇಲ್ಲ! ಹನ್ನೆರಡು ದಿನ! ಹನ್ನೆರಡೇ ದಿನ ನನ್ನ ಬಿಟ್ಬುಡ್ರಪ್ಪಾ!"

ಗುರುಮಲ್ಲಪ್ಪನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಯಾರಾದರೂ ಬೈದಿದ್ದರೆ ವೃಷಭೇಂದ್ರಪ್ಪನವರು ತಿರುಗಿ ಬೈಯುತ್ತಿದ್ದರು. ಯಾರೂ ಬೈಯಲಿಲ್ಲ. ಬಸಮ್ಮ ಮಾತ್ರ ಸಣ್ಣ ದನಿಯಲ್ಲಿ ಕೇಳಿದರು.

"ಅಂಗಾರೆ ನನ್ ಮುಡಿಪು?"

ದೇವರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಇಪ್ಪತ್ತಮೂರು ಹಳದಿ ಗಂಟುಗಳು ಸಾಲಾಗಿ ಕೂತಿದ್ದವು. ಏಳು ವರ್ಷ ಕಾದ ಮುದುಕಿ ಎದುರಿಗೆ ಕೂತಿದ್ದರು. ವೃಷಭೇಂದ್ರಪ್ಪನವರಿಗೆ ತಮ್ಮ ಮೇಲೇ ನಾಚಿಕೆಯಾಯಿತು. ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದರು.

"ಮುಡಿಪು ಮನೆಯೊಳಗೆ ಬಂದಾಯ್ತು, ಇನ್ನು ಅದು ಕೇದಾರ ಮುಟ್ಲೇಬೇಕು" ಎಂದರು ಪಾರ್ವತಮ್ಮ, ಮಜ್ಜಿಗೆ ತಟ್ಟೆಯನ್ನು ಮೇಜಿನ ಮೇಲಿಟ್ಟು. "ನೀವು ಮಠದವರ ಜೊತೆ ಹೋಗ್ಬನ್ನಿ. ಬಾಯಲ್ಲಿ ಬಂದಿದ್ದು ಸುಳ್ಳಾಗೋದು ಬೇಡ."

ಜನ ನಿಟ್ಟುಸಿರು ಬಿಟ್ಟರು. ಗೌತಮಿ ಗಡಿಯಾರ ನೋಡಿದಳು. "ನಾಲ್ಕೂ ಐವತ್ತು. ಸರ್, ಹಾಗಾದ್ರೆ ನಿಮ್ಮ ಸೀಟು..."

"ಮನೆಯವರ ಹೆಸರಿಗೆ ಬದಲಾಯಿಸ್ಬೋದು ಅಂತ ಇದ್ಯಲ್ಲಮ್ಮ ನಿಮ್ಮ ಕಾಗದದಲ್ಲಿ? ನಂಗೇ ಬರ್ಕೋ."

ವೃಷಭೇಂದ್ರಪ್ಪನವರಿಗೆ ತಾವು ಕೇಳಿದ್ದು ನಿಜವೋ ಎಂದು ಅನುಮಾನವಾಯಿತು. "ನಿಂಗೆ ಆ ಕಾಗದ ಎಲ್ಲಿ..."

"ಅದನ್ನ ಇಸ್ತ್ರಿ ಮಾಡಿದ್ದು ಇನ್ಯಾರು ಅಂದ್ಕೊಂಡ್ರಿ? ಒದ್ದೆ ಆಗಿ ಅಕ್ಷರ ಕಾಣ್ತಿರ್ಲಿಲ್ಲ. ಒಣಗಿಸಿ ನಾಲ್ಕು ಸಲ ಓದಿದೆ."

"ಅಮ್ಮ, ನಿಮಗೆ ಈಜು ಬರುತ್ತಾ?" ಎಂದಳು ಗೌತಮಿ.

"ಹೊಳೆ ದಂಡೇಲಿ ಹುಟ್ಟಿದೋಳು ಕಣಮ್ಮ. ಮಾವಿನಕಾಯಿಗೆ ಅಂತ ಕಪಿಲೆ ಈಜಿ ಆಚೆ ದಡಕ್ಕೆ ಹೋಗ್ತಿದ್ವಿ."

"ಬೆಟ್ಟ ಹತ್ತೋದು?"

"ಆಷಾಢದಲ್ಲಿ ಪ್ರತಿ ಶುಕ್ರವಾರ ಚಾಮುಂಡಿಬೆಟ್ಟದ ಸಾವಿರ ಮೆಟ್ಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಇಟ್ಕೊಂಡು ಹತ್ತೀನಿ. ಇವರು ಕೆಳಗೆ ಕಾಫಿ ಕುಡೀತಾ ಕಾಯ್ತಿರ್ತಾರೆ."

"ಬ್ಯಾಗು ಹನ್ನೆರಡು ಕೆಜಿ ಮೀರಬಾರದು..."

ಪಾರ್ವತಮ್ಮ ಅಡುಗೆಮನೆಯ ಬಾಗಿಲ ಹಿಂದಿನಿಂದ ಕಟ್ಟಿ ಸಿದ್ಧವಾಗಿದ್ದ ಒಂದು ಬ್ಯಾಗನ್ನು ತಂದು ಕೊಕ್ಕೆಗೆ ತಾವೇ ಸಿಕ್ಕಿಸಿದರು. ಒಂಬತ್ತೂವರೆ. ಬೆಳಿಗ್ಗೆಯ ಕರಿಬೇವಿಗೆ ಅಷ್ಟು ಹೊತ್ತು ಯಾಕಾಗಿತ್ತು, ಮೇಷ್ಟರ ಮುಂದೆ ಹಾಕಿದ ಕಣ್ಣೀರು ಯಾರಿಗಾಗಿ ಎಂಬುದೆಲ್ಲ ವೃಷಭೇಂದ್ರಪ್ಪನವರಿಗೆ ಆಗ ಒಂದೊಂದಾಗಿ ಹೊಳೆಯಿತು.

"ನೀನು ಯಾಕೆ ಪಾರ್ವತಿ?" ಎಂದು ಅಳುವ ದನಿಯಲ್ಲಿ ಕೇಳಿದರು.

"ನೀವು ಎತ್ತದ ಫೋನೆಲ್ಲ ಎರಡು ವರ್ಷದಿಂದ ಯಾರು ಎತ್ತಿದ್ದು?" ಎಂದರು ಪಾರ್ವತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಹೆಲ್ಮೆಟ್ಟನ್ನು ತಲೆಗೇರಿಸಿ ಗಲ್ಲದ ಪಟ್ಟಿ ಬಿಗಿದರು, ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. "ಶೂ ಮಾತ್ರ ನಂಗೆ ದೊಡ್ದು. ನೀವೇ ಹಾಕ್ಕೊಳ್ಳಿ, ಕೇದಾರಕ್ಕೂ ಹತ್ತೋದು ಇದ್ಯಂತಲ್ಲ."

ಬಸಮ್ಮ ಎದ್ದು ಬಂದು ಪಾರ್ವತಮ್ಮನವರ ಕೆನ್ನೆ ಸವರಿ ನೆಟಿಗೆ ಮುರಿದರು. ಸಿದ್ದರಾಜು ಗಂಗೆಯ ಕ್ಯಾನನ್ನು ವೃಷಭೇಂದ್ರಪ್ಪನವರ ಬ್ಯಾಗಿಗೆ ಇನ್ನೂ ಭದ್ರವಾಗಿ ಕಟ್ಟಿದ. ಗೌತಮಿ ಐದಕ್ಕೆ ಎರಡು ನಿಮಿಷವಿರುವಾಗ ಹೆಸರು ಬದಲಾಯಿಸಿ ಸಹಿ ಹಾಕಿಸಿಕೊಂಡಳು.

ಆಗಲೇ ಬೀದಿಯಲ್ಲಿ ಮತ್ತೆ ಕರೆಂಟು ಹೋಯಿತು. ಪಾರ್ವತಮ್ಮ ತಮ್ಮ ಫೋನನ್ನು ತಂದು ಗಂಡನ ಕೈಯಲ್ಲಿಟ್ಟು, ಅಂಗೈಯನ್ನು ಮೆಲ್ಲಗೆ ಮಡಿಸಿದರು.

"ಇದನ್ನೂ ಇಟ್ಕೊಂಡಿರಿ. ಅಲ್ಲಿ ಸಿಗ್ನಲ್ ಸಿಗಲ್ವಂತೆ."

ಹಾರ ಹಾಕಿಕೊಂಡು, ಕೆಂಪು ಲೇಸಿನ ಶೂ ತೊಟ್ಟುಕೊಂಡು ವೃಷಭೇಂದ್ರಪ್ಪನವರು ಎರಡೂ ಕೈಯಲ್ಲಿ ಎರಡು ಫೋನು ಹಿಡಿದು ನಿಂತರು. ಎರಡೂ ಒಟ್ಟಿಗೇ ಬಡಕೊಂಡವು. ಒಂದರಲ್ಲಿ ಗೊತ್ತಿಲ್ಲದ ನಂಬರು. ಬೀದಿಯವರಲ್ಲ ಎಂಬ ಆಸೆಯಿಂದ ಅದನ್ನು ಎತ್ತಿದರು.

"ಹಲೋ, ಯಾತ್ರೆ ಮ್ಯಾನೇಜರ್ರಾ?" ಒಂದು ವಯಸ್ಸಾದ ದನಿ ಕೇಳಿತು. "ಕಾರ್ಡಲ್ಲಿ ನಿಮ್ ನಂಬರ್ ಇತ್ತು. ಏನಿಲ್ಲ, ಸುಮ್ನೆ ಕೇಳನ ಅಂತ ಮಾಡ್ದೆ. ಅಲ್ಲಿ ಕರೆಂಟ್ ಇರ್ತದಾ?"